ದರ ಹೇಳುವ ಪೆಟ್ಟಿಗೆ

೨೪ ಜುಲೈ ೧೯೯೧, ಬುಧವಾರ. ಮಸ್ಕಿ

ಆದಮ್ಮಕ್ಕ ಇವತ್ತು ಮುಕ್ಕುಂದದಿಂದ ನಾಟಿ ಮುಗಿಸಿ ಬಂದಳು. ಇಡೀ ದಿನ ಕೆಸರಿನಲ್ಲಿ ನಿಂತು ಕಾಲ್ಬೆರಳ ಸಂದುಗಳು ಬೆಳ್ಳಗೆ ಬಿರಿದಿವೆ. ಕೂಲಿ ಎಂಟು ರೂಪಾಯಿ. ಇದೇ ದಿನ ಸಾಲಗುಂದದಲ್ಲಿ ಹನ್ನೆರಡು ಕೊಟ್ಟಿದ್ದಾರೆ. ನನಗೆ ಇದು ತಿಳಿದದ್ದು ಬಸ್‌ಸ್ಟ್ಯಾಂಡಿನಲ್ಲಿ, ಸಿಂಧನೂರಿನಿಂದ ಬಂದ ಕಂಡಕ್ಟರನ ಬಾಯಿಂದ. ಹೆಂಗಸರನ್ನು ತುಂಬಿಕೊಂಡು ಹೋದ ಟ್ರ್ಯಾಕ್ಟರಿನ ಡ್ರೈವರನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ಗದ್ದೆಗೆ ಇಳಿದವರು ಮಾತ್ರ.

ಅಕ್ಕನಿಗೆ ಹೇಳಿದೆ. ಆಕೆ ಕಾಲಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ಈಗ ಹೇಳಿದರ ಏನ್ ಬಂತಲೇ? ನಿನ್ನಿ ಹೇಳಬೇಕಿತ್ತು," ಎಂದಳು.

ಆಗಿನಿಂದ ಅದೊಂದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಮೂರು ವರ್ಷದಿಂದ ಕಿರುಹೊತ್ತಿಗೆಗಳನ್ನು ಓದುತ್ತಿದ್ದೇನೆ. ಸಿಂಧನೂರಿನ ಮೆರವಣಿಗೆಗಳಲ್ಲಿ ಹಂಚಿದ್ದು, ಲಿಂಗಸುಗೂರು ಕಾಲೇಜಿನ ಗೇಟಿನಲ್ಲಿ ಎಂಟಾಣೆಗೆ ಮಾರಿದ್ದು. ಪಿಯುಸಿ ಫೇಲಾದ ಮೇಲೆ ಅವೇ ನನ್ನ ಕಾಲೇಜು. ಬಂಡವಾಳ, ಬೆವರು, ಚರಿತ್ರೆ ಎಲ್ಲವೂ ಅವುಗಳಲ್ಲಿವೆ. ನಾಳೆ ಬೆಳಿಗ್ಗೆ ಗೊರೇಬಾಳದಲ್ಲಿ ಹೆಣ್ಣಾಳಿಗೆ ಎಷ್ಟು ಕೊಡುತ್ತಾರೆ ಎಂಬುದು ಮಾತ್ರ ಯಾವುದರಲ್ಲೂ ಇಲ್ಲ.

ಬರೆದು ಹಂಚಿದರೆ ಉಪಯೋಗವಿಲ್ಲ. ನಮ್ಮ ಓಣಿಯ ಹೆಂಗಸರಲ್ಲಿ ಓದಬಲ್ಲವರು ಒಬ್ಬರೂ ಇಲ್ಲ. ಹಾಗಾದರೆ ಮಾತು ಹೋಗಬೇಕು. ಮನೆಮನೆಗೆ ಒಂದು ಮಾತಾಡುವ ಪೆಟ್ಟಿಗೆ, ನಮ್ಮ ಮನೆಯಲ್ಲಿ ಒಂದು ಮೈಕು, ನಡುವೆ ತಂತಿ. ಸಂಜೆ ಏಳಕ್ಕೆ ಮರುದಿನದ ದರ. ಪ್ರತಿ ಮನೆಯಿಂದ ತಿಂಗಳಿಗೆ ಸಣ್ಣ ಚಂದಾ. ಜನರೇ ದುಡ್ಡು ಹಾಕಿ ಜನರೇ ನಡೆಸುವ ದನಿ. ಯಾವ ಸಾವುಕಾರನ ಹಂಗೂ ಬೇಡ.

ತಂತಿಯ ವಿದ್ಯೆ ನನಗೆ ಗೊತ್ತಿಲ್ಲ. ಮನೆಯಲ್ಲಿ ಬಲ್ಬು ಬದಲಿಸುವುದೂ ಅಕ್ಕನೇ. ಇರಲಿ. ಲೋಕವನ್ನು ತಿರುಗಿಸಿದವರು ಯಾರೂ ಸರ್ಟಿಫಿಕೇಟು ಹಿಡಿದು ಬಂದಿಲ್ಲ.

೨೯ ಜುಲೈ, ಸೋಮವಾರ

ಮಸ್ಕಿಯಲ್ಲಿ ಮದುವೆ, ಉರುಸು, ಎಲೆಕ್ಷನ್ ಏನಿದ್ದರೂ ಮೈಕ್‌ಸೆಟ್ ಜಂಗ್ಲಿಸಾಬನದೇ. ಅವನ ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಆಂಪ್ಲಿಫಯರ್ ಕಂಡೆ. ಮೇಲೆ ಬೆಕ್ಕು ಮಲಗಿತ್ತು.

"ಕಾಕಾ, ಇದು ನಡೀತೈತೇನು?"

"ಬೆಕ್ಕು ನಡೀತೈತಿ. ಕೆಳಗಿಂದು ಮನಸು ಬಂದಾಗ ಒಮ್ಮಿ ಮಾತಾಡತೈತಿ."

"ನನಗ ಕೊಡು. ಮುಂದಿನ ಮದುವಿ ಸೀಜನ್ನಿನಾಗ ನಿನ್ನ ಕೂಡ ಹಾರ್ನ್ ಹೊರತೀನಿ."

ಯಾಕೆ ಬೇಕು ಎಂದು ಕೇಳಿದ. ಹೇಳಿದೆ. ದುಡಿಯುವವರ ಕಿವಿ ಮುಚ್ಚಿಯೇ ಮಾಲಿಕ ದೊಡ್ಡವನಾಗಿದ್ದಾನೆ ಎಂದೆ. ಕಿವಿ ತೆರೆದರೆ ಮುಷ್ಟಿ ತಾನಾಗಿ ಬಿಗಿಯುತ್ತದೆ ಎಂದೆ. ಅವನ ಎರಡು ಬೀಡಿ ಮುಗಿಯುವವರೆಗೆ ಹೇಳಿದೆ.

"ಖರೇ ಹೇಳಲೇನು ಬೇಟಾ? ಹುಡುಗ ಇದ್ದಾಗಿಂದ ಮೈಕ್ ಹಚ್ಚಾಕತ್ತೀನಿ. ಮೈಕ್ ಚಾಲೂ ಆದಾಗ ಮಂದಿ ಖುಷಿ ಆಗತಾರ. ಬಂದ್ ಆದಾಗ ಇನ್ನೂ ಖುಷಿ ಆಗತಾರ."

ಬೆಕ್ಕನ್ನು ಇಳಿಸಿ ಕೊಟ್ಟ. ಪೆಟ್ಟಿಗೆಗಳಿಗೆ ಸಿಂಧನೂರಿನ ಗುಜರಿಯಲ್ಲಿ ಹಾಳಾದ ರೇಡಿಯೋಗಳ ಸ್ಪೀಕರುಗಳನ್ನು ನೋಡಿ ಬಂದಿದ್ದೇನೆ. ಇಷ್ಟೊಂದನ್ನು ಒಂದೇ ಮಷೀನಿಗೆ ಹೇಗೆ ಜೋಡಿಸುವುದು ಎಂದು ಕೇಳಿದೆ.

"ಎರಡು ಹಾರ್ನಿನ ಮ್ಯಾಲೆ ನಾ ಎಂದೂ ಹಚ್ಚಿಲ್ಲಪಾ. ಒಂದರ ಬಾಲ ಇನ್ನೊಂದರ ಬಾಯಿಗೆ ಹಚ್ಚಿಕೋಂತ ಹೋಗು. ಅಲ್ಲಾ ಹೊಂದಸತಾನ."

೪ ಆಗಸ್ಟ್, ರವಿವಾರ

ಮೂರು ದಿನ ಮಾಳಿಗೆಯಿಂದ ಮಾಳಿಗೆಗೆ ತಂತಿ ಎಳೆದೆ. ನಮ್ಮ ಓಣಿಯ ಮನೆಗಳದ್ದೆಲ್ಲ ಮಣ್ಣಿನ ಮಾಳಿಗೆ, ಗೋಡೆಗೆ ಗೋಡೆ ಅಂಟಿಕೊಂಡಿವೆ. ಒಂದು ಮನೆಯ ಮೇಲೆ ಹತ್ತಿದರೆ ಕೊನೆಯ ಮನೆಯಲ್ಲಿ ಇಳಿಯಬಹುದು. ತಂತಿಗೆಂದೇ ಕಟ್ಟಿದ ಹಾಗಿದೆ.

ಯಮನಮ್ಮತ್ತಿ ಕೆಳಗಿನಿಂದ ಕೂಗಿದಳು. ಓಣಿಯ ಹೆಂಗಸರ ತಂಡಕ್ಕೆ ಆಕೆಯೇ ಮುಂದಾಳು. ಟ್ರ್ಯಾಕ್ಟರ್ ಯಾರು ಹತ್ತಬೇಕು, ಯಾರ ಕೂಸು ಯಾರ ಹತ್ತಿರ ಬಿಡಬೇಕು, ಎಲ್ಲ ಆಕೆಯ ಬಾಯಿಮಾತಿನ ಮೇಲೆ.

"ಲೇ ಮಾನ್ಯಾ, ಮೆಲ್ಲಕ ಕಾಲಿಡು. ಮಣ್ಣು ಉದುರಿ ಸಾರಾಗ ಬಿತ್ತಂದ್ರ ನಿನ್ನ ಪೆಟಿಗಿನ ಕುದಿಸಿ ಉಣಬೇಕಾಕ್ಕೈತಿ."

"ಅತ್ತಿ, ಇದು ನಿಮ್ಮ ದನಿ. ದುಡಿಯೋ ಮಂದಿ ದನಿ."

"ನನ್ನ ದನಿ ಮೂರು ಓಣಿಗೆ ಕೇಳತೈತಿ. ಅದಕ್ಕ ತಂತಿ ಯಾಕೋ ಎಪ್ಪಾ?"

ಮಾಳಿಗೆಗಳ ಮೇಲೆಲ್ಲ ನಗು. ಆದರೂ ಚಂದಾ ಕೊಡುವ ಮಾತು ಮೊದಲು ಕೊಟ್ಟವಳು ಆಕೆಯೇ. ಆಕೆಯ ಹಿಂದೆ ಉಳಿದವರು ಒಪ್ಪಿದರು.

ಒಂದು ವಿಶೇಷ ಕಂಡೆ. ಜಂಗ್ಲಿಸಾಬ್ ಹೇಳಿದ ಹಾಗೆ ಬಾಲಕ್ಕೆ ಬಾಯಿ ಹಚ್ಚಿದ್ದರಿಂದ ಒಂದು ಮನೆಯ ತಂತಿ ಕಿತ್ತರೆ ಇಡೀ ಓಣಿ ಮೂಕವಾಗುತ್ತದೆ. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದಾಗ ಮೈ ಜುಮ್ಮೆಂದಿತು. ಒಬ್ಬರಿಗೆ ಕೇಳದಿದ್ದರೆ ಯಾರಿಗೂ ಕೇಳಬಾರದು. ಐಕ್ಯತೆ ಎಂದರೆ ಇದೇ ಅಲ್ಲವೇ! ಯಾವ ಹೊತ್ತಿಗೆಯೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಇವತ್ತು ಏಳಕ್ಕೆ ಮೊದಲ ಸಲ ಮಾತಾಡಿದೆ. "ಸಂಗಾತಿಗಳೇ" ಎಂದು ಶುರು ಮಾಡಿದೆ. ಅಕ್ಕ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರಿತ್ತು.

೯ ಆಗಸ್ಟ್, ಶುಕ್ರವಾರ

ಗೆಲುವು. ಮುಕ್ಕುಂದದ ಟ್ರ್ಯಾಕ್ಟರ್ ಬಂದು ನಿಂತರೆ ನಮ್ಮವರು ಯಾರೂ ಹತ್ತಲಿಲ್ಲ. ಸಾಲಗುಂದದ ದರ ಪೆಟ್ಟಿಗೆ ಹೇಳಿತ್ತು. ಡ್ರೈವರ್ ಕೊನೆಗೆ ತಾನೇ ಹನ್ನೆರಡು ಎಂದ. ಯಮನಮ್ಮತ್ತಿ, "ಇದನ್ನ ಮೊದಲ ಅಂದಿದ್ರ ಇಷ್ಟೊತ್ತು ಡೀಸೆಲ್ ಉಳೀತಿತ್ತಲ್ಲೋ," ಎಂದಳಂತೆ.

ಅಕ್ಕ ಸಂಜೆ ನನಗೆಂದು ಸಿಂಧನೂರಿನಿಂದ ಮಿರ್ಚಿಭಜಿ ಕಟ್ಟಿಸಿಕೊಂಡು ಬಂದಳು. ನಾನು ತಿನ್ನುವಾಗ ಮುಖವನ್ನೇ ನೋಡುತ್ತಿದ್ದಳು.

೧೩ ಆಗಸ್ಟ್, ಮಂಗಳವಾರ

ಬರೆಯಲು ಮನಸ್ಸಿಲ್ಲ. ಬರೆಯಬೇಕು.

ನಿನ್ನೆ ಗೊರೇಬಾಳದಲ್ಲಿ ಹದಿನಾಲ್ಕು ಎಂದು ಹೇಳಿದೆ. ಸುಳ್ಳಲ್ಲ. ಇಬ್ಬರು ಕಂಡಕ್ಟರರನ್ನು ಕೇಳಿ ಖಾತ್ರಿ ಮಾಡಿಕೊಂಡೇ ಹೇಳಿದ್ದು. ಆದರೆ ನಮ್ಮ ಓಣಿಯ ಪೆಟ್ಟಿಗೆ ಪಕ್ಕದ ಓಣಿಗೂ ಕೇಳುತ್ತದೆ. ಅಲ್ಲಿಂದ ಬಾಯಿಗೆ ಬಾಯಿ ಊರೆಲ್ಲ ಹರಡಿದೆ. ಬೆಳಿಗ್ಗೆ ಎಲ್ಲರೂ ಗೊರೇಬಾಳದ ದಾರಿ ಹಿಡಿದಿದ್ದಾರೆ. ಬದುವಿನ ಮೇಲೆ ನಿಂತ ಹೆಂಗಸರನ್ನು ನೋಡಿ ಹೊಲದವನು ಏಳು ಎಂದನಂತೆ. ಬೇಡವಾದವರು ಹೋಗಬಹುದು ಎಂದನಂತೆ. ಅರ್ಧ ಜನ ಏಳಕ್ಕೆ ಇಳಿದರು. ಉಳಿದವರು ಬಿಸಿಲಲ್ಲಿ ಬರಿಗೈಯಲ್ಲಿ ವಾಪಸ್ಸು. ವಾಪಸ್ಸು ಬಂದವರಲ್ಲಿ ಅಕ್ಕನೂ ಇದ್ದಳು.

ಯಮನಮ್ಮತ್ತಿ ನಮ್ಮ ಕಟ್ಟೆಗೆ ಬಂದು ಕೂತಳು.

"ಹದಿನಾಕು ಅಂದಿ. ನಾವು ಹೋಗಿ ಮುಟ್ಟೂದ್ರಾಗ ಏಳಾಗಿತ್ತು. ನಡಕ ಯಾರು ತಿಂದರಪಾ ಉಳಿದದ್ದು?"

"ಎಲ್ಲರೂ ಏಳಕ್ಕ ಒಲ್ಲೆ ಅಂದಿದ್ರ ಆಗತಿತ್ತು ಅತ್ತಿ. ಒಗ್ಗಟ್ಟು ಇಲ್ಲ."

"ತಮ್ಮಾ, ಮೊದಲ ಒಂದೊಂದು ಗುಂಪಿಗೆ ಒಂದೊಂದು ಸುದ್ದಿ ಸಿಗತಿತ್ತು. ಅದನ್ನ ಸೆರಗಿನಾಗ ಕಟಗೊಂಡು ಹೋಗತಿದ್ವಿ. ನೀ ಬೀದ್ಯಾಗ ಚೆಲ್ಲಿ, ಎಲ್ಲಾರೂ ಆರಿಸಿಕೊಳ್ಳಾಕ ಹೋದ್ವಿ."

ಇದು ಹಳೆಯ ಕಾಲದ ಬುದ್ಧಿ. ಸುದ್ದಿಯನ್ನು ಬಚ್ಚಿಡುವುದು ಸಾವುಕಾರರ ಗುಣ. ದುಡಿಯುವವರು ಅದನ್ನೇ ಕಲಿತರೆ ಏನು ಉಳಿಯಿತು? ತಪ್ಪು ತಂತಿಯದಲ್ಲ. ಕೇಳಿದವರಿಗೆ ಶಿಸ್ತು ಬೇಕು.

೧೬ ಆಗಸ್ಟ್, ಶುಕ್ರವಾರ

ಐದು ಮನೆಯವರು ಚಂದಾ ನಿಲ್ಲಿಸಿದ್ದಾರೆ. ಒಬ್ಬಳು, "ಬರೇ ರೇಟು ಹೇಳತಿ. ಒಂದು ಹಾಡರೆ ಹಾಕಬಾರದಾ?" ಎಂದಳು. ಜನರ ರುಚಿಯನ್ನು ಸಿನಿಮಾ ಎಷ್ಟು ಕೆಡಿಸಿದೆ! ಆದರೂ ದರಕ್ಕೆ ಮೊದಲು ಒಂದು ಹಾಡು ಹಾಕಿದರೆ ತಪ್ಪಲ್ಲ. ಕಿವಿ ಪೆಟ್ಟಿಗೆಯ ಹತ್ತಿರ ಬಂದರೆ ತಾನೆ ಮಾತು ಒಳಗೆ ಹೋಗುವುದು? ಜಂಗ್ಲಿಸಾಬನ ಹತ್ತಿರ ಟೇಪ್‌ರೆಕಾರ್ಡರ್ ಕೇಳಿದ್ದೇನೆ.

ಮೂಲೆಯ ಕಿರಾಣಿ ಅಂಗಡಿಯ ಕರಿಬಸಯ್ಯ ತನಗೂ ಒಂದು ಪೆಟ್ಟಿಗೆ ಬೇಕು ಎಂದ. ಗೊರೇಬಾಳದ ಹೊಲದವರಿಗೆ ಇಲ್ಲಿಂದ ಆಳು ಕಳಿಸುವವನು ಅವನೇ. ಟ್ರ್ಯಾಕ್ಟರು ನಿಲ್ಲುವುದೂ ಅವನ ಅಂಗಡಿಯ ಮುಂದೆ.

"ಅಯ್ಯಾರ, ಇದು ಕೂಲಿ ಮಂದಿದು."

"ನಾನೂ ಚಂದಾ ಕೊಡಾವ ಅಲ್ಲೇನೋ ತಮ್ಮಾ? ಸತ್ಯ ಎಲ್ಲಾರದು ಅಂತ ನೀನ ದಿನಾ ಹೇಳತಿ. ನಾ ಎಲ್ಲಾರಾಗ ಇಲ್ಲೇನು?"

ಯೋಚಿಸಿದರೆ ಅವನು ಹೇಳಿದ್ದು ಸರಿ. ಬಚ್ಚಿಡುವುದಕ್ಕೆ ನಮ್ಮಲ್ಲಿ ಏನಿದೆ? ಅವನೂ ಕೇಳಲಿ. ಕೇಳಿ ಹೆದರಲಿ. ಹಾಕಿಕೊಟ್ಟೆ. ವರ್ಷದ ಚಂದಾ ಒಮ್ಮೆಲೇ ಕೊಟ್ಟ.

ಅಕ್ಕ ಅಂಗಡಿಯ ಗೋಡೆಯ ಮೇಲಿನ ಪೆಟ್ಟಿಗೆ ನೋಡಿ ಬಂದು ರೊಟ್ಟಿ ಬಡಿಯಲು ಕೂತಳು. ಇವತ್ತು ಬಡಿಯುವ ಸಪ್ಪಳ ಜೋರಾಗಿತ್ತು.

೨೦ ಆಗಸ್ಟ್, ಮಂಗಳವಾರ

ಲಿಂಗಸುಗೂರಿಗೆ ಹೋಗಿ ರೇಡಿಯೋ ರಿಪೇರಿಯವನ ಹತ್ತಿರ ಎರಡು ದಿನ ಕೂತು ಕಲಿತು ಬಂದೆ. ಹಳೆಯ ಜೋಡಣೆ ತಪ್ಪು. ಈಗ ಪ್ರತಿ ಮನೆಗೆ ಬೇರೆ ಬೇರೆ ಎಳೆ, ನಮ್ಮ ಗೋಡೆಯ ಹಲಗೆಯ ಮೇಲೆ ಒಂದೊಂದು ಮನೆಗೆ ಒಂದೊಂದು ಗುಂಡಿ. ಚಂದಾ ಕೊಡದ ಮನೆಯನ್ನು ಮಾತ್ರ ಬಂದ್ ಮಾಡಬಹುದು. ಒಬ್ಬರ ಸಲುವಾಗಿ ಎಲ್ಲರೂ ಯಾಕೆ ಮೂಕರಾಗಬೇಕು? ಕೆಲಸ ಅಚ್ಚುಕಟ್ಟಾಗಿದೆ. ಐದು ಗುಂಡಿ ಕೆಳಗೆ ಒತ್ತಿದೆ.

ಜೋಡಿಸುವಾಗ ಒಂದು ಚಮತ್ಕಾರ ನಡೆಯಿತು. ಮೈಕು ಸಿಕ್ಕಿಸುವ ತೂತಿಗೆ ಕೈತಪ್ಪಿ ಓಣಿಯ ತಂತಿ ಸಿಕ್ಕಿಸಿಬಿಟ್ಟೆ. ನನ್ನ ಪೆಟ್ಟಿಗೆಯಲ್ಲಿ ಒಂದು ಕೂಸು ಅತ್ತಿತು! ಆಮೇಲೆ ಬೀಸುವ ಕಲ್ಲಿನ ಸದ್ದು. ಮನೆಯ ಹೊರಗೆ ಹೋಗಿ ನೋಡಿದೆ, ಹತ್ತಿರ ಯಾರೂ ಇಲ್ಲ. ಸ್ಪೀಕರಿನ ಮುಂದೆ ಆಡಿದ ಮಾತು ತಂತಿಯ ಗುಂಟ ಹಿಂದಕ್ಕೂ ಬರುತ್ತದೆ. ಗುಂಡಿ ಬದಲಿಸಿದರೆ ಮನೆ ಬದಲಾಗುತ್ತದೆ.

ಇದು ಕದ್ದು ಕೇಳುವುದಲ್ಲ. ಜನರ ನಡುವೆ ಇರಬೇಕು, ಜನರಿಂದ ಕಲಿಯಬೇಕು ಎಂದು ಎಲ್ಲ ಹೊತ್ತಿಗೆಗಳೂ ಹೇಳುತ್ತವೆ. ಈಗ ನಿಜವಾಗಿ ನಡುವೆ ಇದ್ದೇನೆ.

೨೪ ಆಗಸ್ಟ್, ಶನಿವಾರ

ಮಧ್ಯಾಹ್ನ ಓಣಿಯ ತಂತಿಯನ್ನು ಮೈಕಿನ ತೂತಿಗೆ ಸಿಕ್ಕಿಸಿ ಯಮನಮ್ಮತ್ತಿಯ ಮನೆಯ ಗುಂಡಿ ಎತ್ತಿದೆ. ಒಳಗೆ ತಂಡದ ಹೆಂಗಸರೆಲ್ಲ ಸೇರಿದ್ದರು. ಏಳರ ಕೂಲಿ ಸಾಕಾಗಿದೆ, ಏನು ಮಾಡುವುದು ಎಂಬ ಮಾತು.

ಯಮನಮ್ಮತ್ತಿ ಹೇಳಿದ್ದು: ಬರುವ ಮಂಗಳವಾರದಿಂದ ದುರುಗಮ್ಮನ ವಾರ ಹಿಡಿಯೋಣ. ಆಚೆಯ ಮಂಗಳವಾರದ ತನಕ ಯಾವ ಹೆಣ್ಣೂ ಗದ್ದೆಗೆ ಇಳಿಯುವುದಿಲ್ಲ. ದೇವಿಯ ವಾರವೆಂದರೆ ಹೊಲದವನೂ ಕೈಮುಗಿದು ಸುಮ್ಮನಿರುತ್ತಾನೆ, ಬೈದರೆ ಅವನ ಹೆಂಡತಿಯೇ ಅವನನ್ನು ಬಿಡುವುದಿಲ್ಲ. ಅಷ್ಟರಲ್ಲಿ ಮಡಿಯಲ್ಲಿನ ಸಸಿ ಬಲಿಯುತ್ತದೆ, ಹಚ್ಚದಿದ್ದರೆ ಕೆಡುತ್ತದೆ. ಅವನೇ ಓಡಿ ಬರುತ್ತಾನೆ.

"ಬಂದ್ರ ಏನನ್ನೂದು?" ಎಂದು ಒಬ್ಬಳು ಕೇಳಿದಳು.

"ಹನ್ನೆರಡು ಕೊಡತೀನಿ ಅಂದ್ರ ಅವ್ವ ಅಪ್ಪಣಿ ಕೊಡತಾಳ. ಹತ್ತು ಅಂದ್ರ ಅವ್ವಗ ಇನ್ನೂ ಸಿಟ್ಟು ಐತಿ."

ಪೆಟ್ಟಿಗೆ ಒಡೆಯುವಂತೆ ನಕ್ಕರು. ಆಮೇಲೆ ಅಕ್ಕನ ದನಿ ಬಂತು.

"ನಮ್ಮ ಮಾನ್ಯಾಗ ಮಾತ್ರ ಯಾರೂ ಹೇಳಬ್ಯಾಡ್ರೆವ್ವಾ. ಹುಡುಗ ಚೊಲೊನ ಅದಾನ. ಬಾಯಿ ಮಾತ್ರ ಅವನ ಕೈಯಾಗಿಲ್ಲ."

ಗುಂಡಿ ಇಳಿಸಿದೆ.

ನನ್ನಿಂದ ಮುಚ್ಚಿಡುತ್ತಾರೆ! ಅವರಿಗಾಗಿ ಮಾಳಿಗೆ ಮಾಳಿಗೆ ಹತ್ತಿದ ನನ್ನಿಂದ! ಮಾಡುತ್ತಿರುವುದಾದರೂ ಏನು? ಮುಷ್ಕರ. ಮಸ್ಕಿಯ ಹೆಂಗಸರು ಹೂಡುತ್ತಿರುವ ಮೊದಲ ಮುಷ್ಕರ. ಅದಕ್ಕೆ ದೇವಿಯ ಹೆಸರಿನ ಸೆರಗು ಹೊದಿಸುತ್ತಾರೆ. ಹಕ್ಕು ಕೇಳುವವರು ಮೂಢನಂಬಿಕೆಯ ಹಿಂದೆ ಯಾಕೆ ಅವಿತುಕೊಳ್ಳಬೇಕು? ಎದೆ ತಟ್ಟಿ ಹೇಳಬೇಕು.

ಅಕ್ಕ ಸಂಜೆ ಎಂದಿನಂತೆ ಊಟಕ್ಕೆ ಬಡಿಸಿದಳು. ಮುಖ ನೋಡಿದೆ. ಏನೂ ತೋರಗೊಡಲಿಲ್ಲ.

೨೬ ಆಗಸ್ಟ್, ಸೋಮವಾರ

ಹೇಳಿದೆ.

ಹಾಡು ಹಾಕಲಿಲ್ಲ, ದರವನ್ನೂ ಹೇಳಲಿಲ್ಲ. "ಸಂಗಾತಿಗಳೇ, ನಾಳೆಯಿಂದ ನಮ್ಮ ಓಣಿಯ ಹೆಂಗಸರು ಗದ್ದೆಗೆ ಇಳಿಯುವುದಿಲ್ಲ. ಇದು ಯಾವ ದೇವಿಯ ವಾರವೂ ಅಲ್ಲ. ಇದು ಹನ್ನೆರಡು ರೂಪಾಯಿಯ ಮುಷ್ಕರ. ಸಸಿ ಬಲಿಯಲಿ, ಮಾಲಿಕರು ಬಂದು ಕೈಮುಗಿಯಲಿ" ಎಂದೆ. ಯಮನಮ್ಮತ್ತಿಯ ಹೆಸರು ಹೇಳಿ, ಇವಳೇ ನಮ್ಮ ನಾಯಕಿ ಎಂದೆ. ಓಣಿಗೆಲ್ಲ ಕೇಳಲಿ ಎಂದು ಚಂದಾ ಕೊಡದ ಐದು ಮನೆಗಳ ಗುಂಡಿಗಳನ್ನೂ ಎತ್ತಿದ್ದೆ.

ಮುಗಿಸಿ ತಿರುಗಿದಾಗ ಅಕ್ಕ ಒಲೆಯ ಮುಂದೆ ಕೂತಿದ್ದಳು. ಕೈಯಲ್ಲಿ ಹಿಟ್ಟಿತ್ತು. ಹೆಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಏಳುತ್ತಿದ್ದರೂ ತೆಗೆಯಲಿಲ್ಲ. ಇಷ್ಟು ದೊಡ್ಡ ಗಳಿಗೆಯನ್ನು ತಡೆದುಕೊಳ್ಳುವುದು ಹೆಂಗಸರಿಗೆ ಕಷ್ಟವಿರಬೇಕು.

೨೮ ಆಗಸ್ಟ್, ಬುಧವಾರ

ಲಿಂಗಸುಗೂರಿನ ಕಡೆಯಿಂದ ಹೆಣ್ಣಾಳು ತುಂಬಿದ ಎರಡು ಲಾರಿ ಗೊರೇಬಾಳಕ್ಕೆ ಹೋದವು. ಕರಿಬಸಯ್ಯನ ಅಂಗಡಿಯ ಮುಂದೆಯೇ ಹಾದುಹೋದವು. ಲಾರಿಯಲ್ಲಿದ್ದವರು ನಮ್ಮ ಓಣಿಯತ್ತ ನೋಡಲಿಲ್ಲ.

೩೦ ಆಗಸ್ಟ್, ಶುಕ್ರವಾರ

ನಾಟಿ ಮುಗಿಯಿತಂತೆ. ಗೊರೇಬಾಳದ ಟ್ರ್ಯಾಕ್ಟರು ಈ ವರ್ಷ ಇನ್ನು ನಮ್ಮ ಓಣಿಗೆ ಬರುವುದಿಲ್ಲವೆಂದು ಕರಿಬಸಯ್ಯ ಹೇಳಿದ. ದೇವಿಯ ಹೆಸರಿನಲ್ಲಿ ಸುಳ್ಳು ಹೇಳಹೊರಟವರನ್ನು ಹೊಲಕ್ಕೆ ಕರೆಯುವುದು ಅಪಶಕುನ ಎಂದು ಹೊಲದವರ ಮಾತಂತೆ. ಆ ಸುಳ್ಳನ್ನು ನಾನೇ ಬಿಡಿಸಿ ಹೇಳಿದ್ದೆ. ಅದು ಅವರಿಗೆ ಕೇಳಿಸಲಿಲ್ಲವೇ?

ಮಧ್ಯಾಹ್ನ ಯಮನಮ್ಮತ್ತಿ ಬಂದಳು. ಹಿಂದೆ ಹೆಂಗಸರು. ಎಲ್ಲರ ಕಂಕುಳಲ್ಲಿ ಪೆಟ್ಟಿಗೆ. ತಂತಿಯನ್ನು ಹಲ್ಲಿನಿಂದ ಕಚ್ಚಿ ಹರಿದಂತಿತ್ತು. ಒಂದೊಂದಾಗಿ ಕಟ್ಟೆಯ ಮೇಲೆ ಇಟ್ಟರು.

"ಒಂದು ಮಾತು ಕೇಳತೀನಿ, ಖರೇ ಹೇಳು. ನಮ್ಮ ಮನಿಯಾಗ ಆಡಿದ ಮಾತು ನಿನಗ ಯಾರು ಹೇಳಿದರು? ಆದಮ್ಮ ಹೇಳಿಲ್ಲಂತ ದುರುಗಮ್ಮನ ಗುಡಿ ಹೊಸ್ತಿಲ ಮುಟ್ಯಾಳ."

ಪೆಟ್ಟಿಗೆಯಿಂದಲೇ ಕೇಳಿಸುತ್ತದೆ ಎಂದು ಹೇಳಿದೆ. ಬಚ್ಚಿಡುವುದು ನನ್ನ ಸ್ವಭಾವವಲ್ಲ. ಮೈಕಿನ ತೂತು, ತಂತಿ, ಗುಂಡಿ ಎಲ್ಲ ತೋರಿಸಿದೆ.

ಯಾರೂ ಬೈಯಲಿಲ್ಲ. ಒಬ್ಬಳು ತಾನು ತಂದ ಪೆಟ್ಟಿಗೆಯನ್ನು ನೋಡಿ ಸೆರಗು ಸರಿಮಾಡಿಕೊಂಡಳು. ಇನ್ನೊಬ್ಬಳು, "ಇದನ್ನ ನಾನು ಮಲಗೋ ಜಾಗದ ಮ್ಯಾಲೆ ಹಚ್ಚಿದ್ನೆವ್ವಾ," ಎಂದು ಮೆಲ್ಲಗೆ ಅಂದಳು.

"ನಡೀರಿ," ಎಂದಳು ಯಮನಮ್ಮತ್ತಿ. ಹೋಗುವಾಗ ತಿರುಗಿ ನನಗೆ, "ಬರತೀವ್ರೀ," ಎಂದಳು. ಹುಟ್ಟಿದಾಗಿನಿಂದ ಲೇ ಅಂದವಳು.

ಸಂಜೆ ಅಕ್ಕನಿಗೆ ಹೇಳಿದೆ: ನಾನು ದುರಾಸೆಯಿಂದ ಮಾಡಲಿಲ್ಲ, ಒಂದು ಪೈಸೆ ತಿಂದಿಲ್ಲ.

"ತಿಂದಿದ್ರ ಚೊಲೊ ಇತ್ತು ಮಾನ್ಯಾ. ತಿಂದಾವ ನಾಚತಾನ."

ಇದರ ಅರ್ಥ ನನಗಾಗಲಿಲ್ಲ.

೧೫ ಸೆಪ್ಟೆಂಬರ್, ರವಿವಾರ

ಅಕ್ಕ ಲಿಂಗಸುಗೂರು ರಸ್ತೆಯ ಕೆಲಸಕ್ಕೆ ಹೋಗುತ್ತಿದ್ದಾಳೆ, ಜಲ್ಲಿ ಹೊರಲು. ಕೆಸರಿನ ಬದಲು ಡಾಂಬರು. ಬೆಳಿಗ್ಗೆ ರೊಟ್ಟಿ ಮಾಡಿ ನನ್ನ ಪಾಲನ್ನು ಮುಚ್ಚಿಟ್ಟು ಹೋಗುತ್ತಾಳೆ.

ಜನ ಇನ್ನೂ ಸಿದ್ಧರಿಲ್ಲ. ಹಿಂದುಳಿದ ಜನರ ನಡುವೆ ಒಬ್ಬನೇ ಮುಂದೆ ಹೋದರೆ ಹೀಗೇ ಆಗುತ್ತದೆ.

೮ ನವೆಂಬರ್, ಶುಕ್ರವಾರ

ಬಜಾರಿಗೆ ತಂತಿ ಒಯ್ದಿದ್ದೇನೆ. ಬಟ್ಟೆ ಅಂಗಡಿ, ಹೋಟೆಲು, ಸೈಕಲ್ ಅಂಗಡಿ, ಹಿಟ್ಟಿನ ಗಿರಣಿ. ಗಿರಾಕಿಗಳು ಒಳ್ಳೆಯವರು, ಚಂದಾ ತಪ್ಪಿಸುವುದಿಲ್ಲ. ಬೆಳಿಗ್ಗೆ ಭಕ್ತಿಗೀತೆ, ಸಂಜೆ ಸಿನಿಮಾ ಹಾಡು, ನಡುವೆ ಅಂಗಡಿಗಳ ಜಾಹೀರಾತು. ಜಾಹೀರಾತು ಓದುವುದಕ್ಕೆ ನನ್ನ ದನಿ ಹೊಂದುತ್ತದೆ ಎನ್ನುತ್ತಾರೆ. ದರ ಹೇಳುವುದನ್ನು ನಿಲ್ಲಿಸಿದೆ. ಬಜಾರಿನಲ್ಲಿ ಯಾರಿಗೂ ಬೇಕಾಗಿಲ್ಲ.

ಜಂಗ್ಲಿಸಾಬ್ ಬಂದು ಹಲಗೆಯ ಮೇಲಿನ ಗುಂಡಿಗಳನ್ನು ನೋಡಿ ಶಹಬ್ಬಾಸ್ ಎಂದ. "ದುಡಿಯುವವರ ದನಿ ಎಲ್ಲೈತೋ ಬೇಟಾ?" ಎಂದು ಕೇಳಿ ತಾನೇ ನಕ್ಕ. ಚಹಾ ತರಿಸಿದೆ.

ಓಣಿಯಲ್ಲಿ ನಾನು ಹಾದುಹೋಗುವಾಗ ಕಟ್ಟೆಯ ಮೇಲಿನ ಮಾತು ನಿಲ್ಲುತ್ತದೆ. ದಂಧೆ ಇದ್ದವನಿಗೆ ಜನ ಒಂದು ಮರ್ಯಾದೆ ಕೊಡುತ್ತಾರೆ.

೨೧ ಜನವರಿ ೧೯೯೨, ಮಂಗಳವಾರ

ಕಾಲುವೆಗೆ ಬೇಸಿಗೆ ಬೆಳೆಯ ನೀರು ಬಿಟ್ಟಿದ್ದಾರೆ. ಮತ್ತೆ ನಾಟಿ. ಅಕ್ಕ ಕೌದಿ ಸುತ್ತಿ, ಜೋಳದ ಹಿಟ್ಟಿನ ಗಂಟು ಕಟ್ಟಿ ಹೊರಟಳು. ತಂಡವೆಲ್ಲ ಒಂದು ತಿಂಗಳು ಅಲ್ಲೇ ಉಳಿಯುತ್ತದಂತೆ.

"ಯಾವ ಊರಿಗೆ ಅಕ್ಕಾ?"

"ಕೆಲಸಕ್ಕ."

"ಕೆಲಸಕ್ಕ ಖರೇ, ಊರು?"

"ನೀರಿದ್ದ ಊರಿಗೆ." ಕೌದಿ ತಲೆಯ ಮೇಲಿಟ್ಟುಕೊಂಡಳು. "ಹಿಟ್ಟು ಡಬ್ಯಾಗ ಐತಿ. ಉಪ್ಪು ಹಾಕೂದು ಮರೀಬ್ಯಾಡ."

೨೯ ಜನವರಿ, ಬುಧವಾರ

ಕರಿಬಸಯ್ಯ ಅಂಗಡಿಗೆ ಕರೆಸಿದ. ಈ ಸಲ ನಮ್ಮ ಓಣಿಯ ತಂಡ ಅವನ ಟ್ರ್ಯಾಕ್ಟರ್ ಹತ್ತಿಲ್ಲ. ಹೊಲದವರೊಬ್ಬರ ಜೊತೆ ತಾವೇ ನೇರವಾಗಿ ಮಾತಾಡಿಕೊಂಡು, ಎಕರೆ ಲೆಕ್ಕದಲ್ಲಿ ನಾಟಿ ಹಿಡಿದಿದ್ದಾರಂತೆ. ಎಲ್ಲಿ, ಯಾರ ಹೊಲ ಎಂಬುದು ಹೊರಗೆ ಬಂದಿಲ್ಲ.

"ನಿನ್ನಕ್ಕ ಅದಾಳಲ್ಲ ಅದರಾಗ. ನಿನಗ ಗೊತ್ತಿರಬೇಕು."

"ಹೇಳಿ ಹೋಗಿಲ್ರೀ ಅಯ್ಯಾರ."

"ಹುಡಿಕಿ ಬಾ. ಸಿಂಧನೂರಿನ ಮಿಲ್ಲಿನವ ನಮ್ಮ ಪೈಕಿ. ಮಿಲ್ಲಿಗೆ, ಅವರ ಅಂಗಡಿ ಸಾಲಿಗೆಲ್ಲಾ ನಿನ್ನ ತಂತಿ ಎಳಸತೀನಿ."

ಸಿಂಧನೂರಿನಲ್ಲಿ ತಂತಿ ಎಳೆದರೆ ಮಸ್ಕಿ ಒಂದು ಲೆಕ್ಕವೇ ಅಲ್ಲ. ರವಿವಾರ ಹೊರಡುತ್ತೇನೆ.

೨ ಫೆಬ್ರವರಿ, ರವಿವಾರ

ಬೆಳಗಿನ ಬಸ್ಸು ಹಿಡಿದು ಹೋದೆ. ಗದ್ದೆಗಳೆಲ್ಲ ನೀರು ನಿಂತು ಹೊಳೆಯುತ್ತಿದ್ದವು. ಒಂದು ಊರು ಇಳಿದು ಕಾಲುವೆಯ ದಂಡೆಯ ಮೇಲೆ ನಡೆದು ಇನ್ನೊಂದಕ್ಕೆ, ಹೀಗೆ ಮಧ್ಯಾಹ್ನದ ತನಕ ತಿರುಗಿದೆ. ಕೊನೆಗೆ ಒಂದು ಕಡೆ ಸಿಕ್ಕರು.

ಸಾಲಾಗಿ ಬಗ್ಗಿ ಹಿಂದಕ್ಕೆ ಸರಿಯುತ್ತ ಸಸಿ ಹಚ್ಚುತ್ತಿದ್ದರು. ಎಲ್ಲರೂ ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು, ತಲೆಗೆ ಬಟ್ಟೆ ಸುತ್ತಿದ್ದರು. ಮುಖ ಕಾಣುತ್ತಿರಲಿಲ್ಲ. ಒಂದು ಬೆನ್ನಿನ ಮೇಲೆ ನನ್ನ ನೀಲಿ ಅಂಗಿ ಇತ್ತು, ಹೆಗಲಲ್ಲಿ ಹರಿದದ್ದು. ಯಾವುದೋ ಪದ ಹಾಡುತ್ತಿದ್ದರು. ಯಾರೋ ನಡುವೆ ಏನೋ ಅಂದು ಎಲ್ಲರೂ ನಕ್ಕರು. ನೀಲಿ ಅಂಗಿಯೂ ಅಲುಗಾಡಿತು. ಅಕ್ಕ ನಕ್ಕದ್ದನ್ನು ಬಹಳ ದಿನದಿಂದ ನೋಡಿರಲಿಲ್ಲ.

ಬದುವಿನ ಮೇಲೆ ನನ್ನ ಹೆಜ್ಜೆ ಕೇಳಿ ಹಾಡು ನಿಂತಿತು. ಯಮನಮ್ಮತ್ತಿ ಸೊಂಟ ನೆಟ್ಟಗೆ ಮಾಡಿದಳು. ಕೈಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ನನ್ನನ್ನು ನೋಡಿದಳು, ಗುರುತಿಲ್ಲದವರನ್ನು ನೋಡುವ ಹಾಗೆ.

"ಯಾರ್ ಬೇಕಾಗಿತ್ರೀ?"

"ಯಾರೂ ಇಲ್ಲ. ಹಾದಿ ತಪ್ಪೀನಿ."

"ಡಾಂಬರ ರೋಡು ಆ ಕಡಿ ಐತಿ," ಎಂದು ಕೈ ತೋರಿಸಿದಳು.

ನೀಲಿ ಅಂಗಿ ಏಳಲಿಲ್ಲ. ಕೈಗಳು ಮಾತ್ರ ನೀರಿನಲ್ಲಿ ನಿಂತುಬಿಟ್ಟಿದ್ದವು. ಸ್ವಲ್ಪ ಹೊತ್ತು ಕಾದೆ. ಬಿಸಿಲು ಜೋರಿತ್ತು. ರೋಡಿನ ಕಡೆ ನಡೆದೆ. ಬಹಳ ದೂರ ಬಂದ ಮೇಲೂ ಹಾಡು ಮತ್ತೆ ಶುರುವಾದದ್ದು ಕೇಳಿಸಲಿಲ್ಲ.

ಕರಿಬಸಯ್ಯ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದ.

"ಸಿಕ್ಕರೇನು?"

"ಎಲ್ಲಾ ಕಡಿ ತಿರುಗಿದೆ. ಸಿಗಲಿಲ್ರೀ."

"ನಿನ್ನಂಥಾವಗ ಸಿಗಲಿಲ್ಲಾ? ನಾ ನಂಬಬೇಕಾ?"

"ನಂಬ್ರಿ, ಬಿಡ್ರಿ."

ಅವನು ಅಂಗಡಿಯ ಪೆಟ್ಟಿಗೆ ಕಿತ್ತು ತೆಗೆದುಕೊಂಡು ಹೋಗು ಎಂದ. ಸಿಂಧನೂರಿನ ಮಾತು ಅಲ್ಲಿಗೆ ಮುಗಿಯಿತು. ಬಜಾರಿನ ಗಿರಾಕಿಗಳಿಗೂ ಹೀಗೇ ಮಾಡಲು ಹೇಳುತ್ತಾನಂತೆ. ಒಂದು ಹೆಸರು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಯಾಕೆ ಹೇಳಲಿಲ್ಲವೋ. ನಿಂತುಕೊಂಡು ಬಸ್ಸಿನಲ್ಲಿ ಬಂದು ತಲೆ ಕೆಟ್ಟಿತ್ತು. ನಷ್ಟ ನನ್ನದೇ.

ಏಳಕ್ಕೆ ಮೈಕಿನ ಮುಂದೆ ಕೂತೆ. ಏನೂ ಹೇಳಬೇಕೆನಿಸಲಿಲ್ಲ. ಹಾಡು ಹಾಕಿ ಎದ್ದೆ.

ಮೇಲೆ, ಅವರು ಸಿಕ್ಕರು ಎಂದು ಬರೆದ ಕಡೆ ಊರಿನ ಹೆಸರನ್ನೂ ಬರೆದಿದ್ದೆ. ಈಗ ಮಸಿ ಎಳೆದು ಮುಚ್ಚಿದ್ದೇನೆ. ಹಾಳೆಯ ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿದೆ. ಕಾಣುವುದಿಲ್ಲ.